ಕರೆಂಟ್ ಹೋದಾಗ ತಾರಸಿಯ ಸೋಲಾರ್ ಏಕೆ ನಿಲ್ಲುತ್ತದೆ?

ತಾರಸಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದ ಮನೆಗೆ ಇನ್ನು ಕರೆಂಟ್ ಹೋಗುವ ಚಿಂತೆಯಿಲ್ಲ ಎಂಬ ನಂಬಿಕೆ ಬಹಳ ಆಳವಾಗಿ ಬೇರೂರಿದೆ. ಲಕ್ಷಗಟ್ಟಲೆ ರೂಪಾಯಿ ತೆತ್ತ ಮೇಲೆ ಒಂದು ದಿನ, ನಡುಮಧ್ಯಾಹ್ನದ ಬಿಸಿಲು ಪ್ಯಾನೆಲ್‌ಗಳ ಮೇಲೆ ಸುರಿಯುತ್ತಿರುವಾಗಲೇ ಕೆಳಗೆ ಫ್ಯಾನು ನಿಧಾನವಾಗಿ ನಿಲ್ಲುತ್ತದೆ, ಗೋಡೆಯ ಮೇಲಿನ ಇನ್ವರ್ಟರಿನಲ್ಲಿ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಮನೆಯವರು ಯಂತ್ರ ಕೆಟ್ಟಿತೆಂದು ದೂರು ಕೊಡಲು ಫೋನ್ ಎತ್ತಿಕೊಳ್ಳುತ್ತಾರೆ. ಯಂತ್ರ ಕೆಟ್ಟಿರುವುದಿಲ್ಲ, ಆ ಗಳಿಗೆಯಲ್ಲಿ ಅದು ಮಾಡಲೇಬೇಕಾದ ಕೆಲಸವನ್ನು ಮಾಡಿರುತ್ತದೆ.

ಮೀಟರಿನ ಮೂಲಕ ಬೀದಿಯ ತಂತಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ವ್ಯವಸ್ಥೆಗೆ ಆನ್-ಗ್ರಿಡ್ ಎಂದು ಹೆಸರು. ಅದರ ಇನ್ವರ್ಟರು ಪ್ಯಾನೆಲ್ಲಿನ ನೇರ ವಿದ್ಯುತ್ತನ್ನು ಮನೆಗೆ ಬೇಕಾದ 230 ವೋಲ್ಟಿನ ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುವಾಗ ಬೀದಿಯ ತಂತಿಯ 50 ಹರ್ಟ್ಸ್ ಲಯವನ್ನೇ ಅನುಸರಿಸುತ್ತದೆ, ಮತ್ತು ಆ ಲಯ ಕಡಿದ ಸುಮಾರು ಎರಡು ಸೆಕೆಂಡಿನೊಳಗೆ ತಾನೂ ನಿಂತುಬಿಡುತ್ತದೆ. ಆ್ಯಂಟಿ-ಐಲ್ಯಾಂಡಿಂಗ್ ಎನ್ನಲಾಗುವ, ಅಂದರೆ ಸುತ್ತೆಲ್ಲ ಕರೆಂಟ್ ಇಲ್ಲದಾಗ ಒಂದು ಮನೆ ದ್ವೀಪದಂತೆ ಪ್ರತ್ಯೇಕವಾಗಿ ತಂತಿಗೆ ವಿದ್ಯುತ್ ಹರಿಸದಂತೆ ತಡೆಯುವ ಈ ಏರ್ಪಾಟು ಇರುವುದು ಕಂಬದ ಮೇಲಿರುವ ಲೈನ್‌ಮನ್ನನ ಜೀವಕ್ಕಾಗಿ. ಬೀದಿಯ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಇಳಿಸಿ ಮನೆಗಳಿಗೆ ಕೊಡುತ್ತದೆ. ಅದೇ ಟ್ರಾನ್ಸ್‌ಫಾರ್ಮರಿಗೆ ಮನೆಯ ಕಡೆಯಿಂದ ವಿದ್ಯುತ್ ನುಗ್ಗಿದರೆ ಅದು ಹಿಮ್ಮುಖವಾಗಿ ದುಡಿದು ಮೇಲಿನ ತಂತಿಗೆ ಸಾವಿರಾರು ವೋಲ್ಟ್ ಏರಿಸಬಲ್ಲದು, ಲೈನ್ ಆಫ್ ಆಗಿದೆಯೆಂದು ನಂಬಿ ತಂತಿ ಮುಟ್ಟಿದವನು ಅಲ್ಲಿಯೇ ಬೀಳುತ್ತಾನೆ. ಇದನ್ನು ತಿಳಿಯದೆ, ಎರಡೂ ತುದಿಗೆ ಪ್ಲಗ್ ಹಾಕಿದ ವೈರಿನಿಂದ ಜನರೇಟರನ್ನು ಮನೆಯ ಸಾಕೆಟ್ಟಿಗೆ ಚುಚ್ಚಿ ಇನ್ವರ್ಟರಿಗೆ 'ಕರೆಂಟ್ ಬಂದಿದೆ' ಎಂದು ನಂಬಿಸುವ ಉಪಾಯವನ್ನು ಜಾಣತನವೆಂಬಂತೆ ಹೇಳಿಕೊಡುವವರಿದ್ದಾರೆ. ಅದು ಜಾಣತನವಲ್ಲ, ಪರರ ಪ್ರಾಣದ ಜೊತೆ ಆಡುವ ಆಟ.

ಕರೆಂಟ್ ಹೋದಾಗಲೂ ಬೆಳಕು ಬೇಕೆಂದರೆ ಬ್ಯಾಟರಿ ಮತ್ತು ಹೈಬ್ರಿಡ್ ಇನ್ವರ್ಟರು, ಅಂದರೆ ಮನೆಯನ್ನು ಬೀದಿಯ ತಂತಿಯಿಂದ ಮೊದಲು ಬೇರ್ಪಡಿಸಿ ಆಮೇಲೆ ಬ್ಯಾಟರಿಯಿಂದ ನಡೆಸುವ ಯಂತ್ರ ಬೇಕು. ಆ ಬ್ಯಾಟರಿಯ ಲೆಕ್ಕ ಶಾಲೆಯ ಗುಣಾಕಾರಕ್ಕಿಂತ ಕಷ್ಟವಲ್ಲ: 12 ವೋಲ್ಟಿನ, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇರುತ್ತದೆ, ಅದು ಬಹುಕಾಲ ಬಾಳಬೇಕಾದರೆ ಅರ್ಧದಷ್ಟನ್ನು, ಎಂದರೆ 900ನ್ನು ಮಾತ್ರ ಬಳಸಬೇಕು, 75 ವ್ಯಾಟಿನ ಒಂದು ಫ್ಯಾನು ಮತ್ತು 9 ವ್ಯಾಟಿನ ನಾಲ್ಕು ಬಲ್ಬು ಅದರಲ್ಲಿ ಹೆಚ್ಚೆಂದರೆ ಎಂಟು ಗಂಟೆ ನಡೆದಾವು, 2,000 ವ್ಯಾಟಿನ ಗೀಸರ್ ನಡೆಯದು. ಹುಣಸೆಹಣ್ಣು ಕೊಳ್ಳುವಾಗ ಬೀಜ ಎಷ್ಟಿದೆಯೆಂದು ಹಿಸುಕಿ ನೋಡುವ ಜನ, ಮೂರು ನಿಮಿಷದ ವಿಡಿಯೋ ಒಂದರ 'ಜೀವನಪೂರ್ತಿ ಉಚಿತ ಕರೆಂಟ್' ಎಂಬ ಮಾತನ್ನು ಮಾತ್ರ ಹಾಗೆಯೇ ನುಂಗಿಬಿಡುವುದು ನೋವಿನ ಸಂಗತಿ. ಮಾರುವವನು 'ಬ್ಯಾಟರಿ ಬೇಡವೇ?' ಎಂದು ಕೇಳದಿದ್ದರೆ, ಕೊಳ್ಳುವವನಾದರೂ 'ಕರೆಂಟ್ ಹೋದರೆ ಏನಾಗುತ್ತದೆ?' ಎಂದು ಕೇಳಬೇಡವೇ?

ಬಿಸಿಲು ಸುಟ್ಟಷ್ಟೂ ವಿದ್ಯುತ್ ಹೆಚ್ಚೆಂಬುದೂ ಸುಳ್ಳು: ಪ್ಯಾನೆಲ್ಲಿಗೆ ಬೇಕಿರುವುದು ಬೆಳಕು, ಶಾಖವಲ್ಲ, 25 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿನ ಪ್ರತಿ ಡಿಗ್ರಿಗೆ ಅದರ ಇಳುವರಿ ಸುಮಾರು ಶೇ. 0.3ರಿಂದ 0.4ರಷ್ಟು ಇಳಿಯುತ್ತದೆ. ಸಾಮಾನು ತಂದು ತಾವೇ ಜೋಡಿಸಿಕೊಂಡರೂ 2024ರ ಪಿಎಂ ಸೂರ್ಯ ಘರ್ ಯೋಜನೆಯ ಸಹಾಯಧನ ಸಿಗುತ್ತದೆಂಬುದೂ ತಪ್ಪು. ಅದಕ್ಕೆ ನೋಂದಾಯಿತ ಮಾರಾಟಗಾರರ ಮೂಲಕವೇ ಹೋಗಬೇಕು.

ಸ್ವತಃ ಕೈಹಾಕುವವರನ್ನು ಹೆಚ್ಚು ಅಪಾಯಕ್ಕೆ ದೂಡುವುದು ಮೊದಲ ನಂಬಿಕೆಯ ಇನ್ನೊಂದು ಮಗ್ಗುಲು: ಇನ್ವರ್ಟರ್ ನಿಂತಿದೆ, ಆದ್ದರಿಂದ ಪ್ಯಾನೆಲ್ ತಂತಿ ಮುಟ್ಟಬಹುದು ಎಂಬ ಧೈರ್ಯ. ಬೆಳಕು ಬೀಳುತ್ತಿರುವವರೆಗೂ ಪ್ಯಾನೆಲ್ ಸತ್ತಿರುವುದಿಲ್ಲ. ಹತ್ತು ಪ್ಯಾನೆಲ್‌ಗಳ ಸಾಲಿನ ತುದಿಯಲ್ಲಿ 400-500 ವೋಲ್ಟ್ ನೇರ ವಿದ್ಯುತ್ ಕಾದಿರುತ್ತದೆ. ಪರ್ಯಾಯ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಶೂನ್ಯಕ್ಕೆ ಇಳಿಯುವುದರಿಂದ ಅದರ ಕಿಡಿ ಬೇಗ ಆರುತ್ತದೆ, ನೇರ ವಿದ್ಯುತ್ತು ಎಂದೂ ಇಳಿಯದಿರುವುದರಿಂದ ಹರಿಯುತ್ತಿರುವಾಗ ಕನೆಕ್ಟರ್ ಎಳೆದರೆ ಕಿಡಿ ಆರದೆ ಜ್ವಾಲೆಯಾಗಿ ನಿಲ್ಲುತ್ತದೆ. ಮನೆಯ ಸಾಮಾನ್ಯ ಎಂಸಿಬಿಯನ್ನು ಪ್ಯಾನೆಲ್ಲಿನ ತಂತಿಗೆ ಹಾಕಬಾರದು, ಡಿಸಿ (ನೇರ ವಿದ್ಯುತ್) ಎಂದು ನಮೂದಿಸಿದ, ಅಷ್ಟು ವೋಲ್ಟ್ ತಾಳುವ ಸ್ವಿಚ್ಚನ್ನೇ ಹಾಕಬೇಕು ಎನ್ನುವುದು ಇದೇ ಕಾರಣಕ್ಕೆ.