ಬಿಸಿ ಬೇಡುವ ಟೈರು

ಏಪ್ರಿಲ್ ತಿಂಗಳ ಮಧ್ಯಾಹ್ನ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಲಾರಿಯೊಂದು ಬಂದು ನಿಂತಾಗ ಗಮನಿಸಿ. ಚಾಲಕ ಇಳಿದವನೇ ಚಹಾಕ್ಕೂ ಮೊದಲು ಕಬ್ಬಿಣದ ರಾಡು ಹಿಡಿದು ಹಿಂದಿನ ಜೋಡಿ ಚಕ್ರಗಳನ್ನು ಒಂದೊಂದಾಗಿ ಬಡಿಯುತ್ತಾನೆ. ಸದ್ದು ಟಣ್ಣನೆ ಬಂದರೆ ಗಾಳಿ ಸರಿಯಿದೆ, ಮೆತ್ತಗೆ ಬಂದರೆ ಇಳಿದಿದೆ. ಆಮೇಲೆ ಕೈ ತಾಗಿಸಿ ಬಿಸಿ ನೋಡುತ್ತಾನೆ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಅದರ ಪಕ್ಕದ ಗೋಡೆ ಸುತ್ತಿಗೊಮ್ಮೆ ಮಡಚಿ ಬಿಚ್ಚಿಕೊಳ್ಳುತ್ತದೆ. ಮಡಚಲು ವ್ಯಯವಾದ ಶಕ್ತಿಯಲ್ಲಿ ಒಂದು ಪಾಲು ಬಿಚ್ಚಿಕೊಳ್ಳುವಾಗ ವಾಪಸು ಬರುವುದಿಲ್ಲ, ರಬ್ಬರಿನೊಳಗೇ ಶಾಖವಾಗಿ ಉಳಿಯುತ್ತದೆ. ರಸ್ತೆಯೂ ಕಾದಿದ್ದು, ಮೇಲೆ ಹೇರಿದ ಭಾರವೂ ಹೆಚ್ಚಾಗಿದ್ದರೆ ಟೈರು ಸಿಡಿಯಲು ಬಹಳ ಹೊತ್ತು ಬೇಡ. ಹೆದ್ದಾರಿಯಲ್ಲಿ ದುಡಿಯುವವರಿಗೆ ಬಿಸಿ ಟೈರೆಂದರೆ ಆಪತ್ತು.

ಯುರೋಪಿನ ಕಿರಿಯರ ರೇಸ್‌ಗಳಲ್ಲಿ ಓಡುವ ಹುಡುಗರಿಗೆ ತಣ್ಣನೆಯ ಟೈರೇ ಯಮ. ಅಲ್ಲಿ ಒಂದಿಡೀ ಸೀಸನ್ನಿನ ಹಣೆಬರಹವನ್ನು ನಾಲ್ಕು ತುಂಡು ರಬ್ಬರಿನ ಉಷ್ಣತೆ ಬರೆಯುತ್ತದೆ ಎಂದರೆ ಉತ್ಪ್ರೇಕ್ಷೆ ಆಗಲಾರದು. ಅದನ್ನು ನೋಡಲು ನಮಗೆ ಹತ್ತಿರದ ಉದಾಹರಣೆಯೂ ಇದೆ. 2025ರ ಮೇ 24ರಂದು ಮೊನಾಕೊದ ಬೀದಿಗಳಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದವನು ಬೆಂಗಳೂರಿನ ಕುಶ್ ಮೈನಿ. ಆ ಬೀದಿಗಳಲ್ಲಿ ಫಾರ್ಮುಲಾ 2 ರೇಸ್ ಗೆದ್ದ ಮೊದಲ ಭಾರತೀಯ. ಅವನ ಅಣ್ಣ ಅರ್ಜುನ್ ಮೈನಿ 2018ರಲ್ಲಿ ಇದೇ ಫಾರ್ಮುಲಾ 2ರಲ್ಲಿ ಓಡಿದ್ದ. ಅದಕ್ಕೂ ಮೊದಲು, 2017ರಲ್ಲಿ, ಬಾರ್ಸಿಲೋನಾದಲ್ಲಿ, ಈಗಿನ ಫಾರ್ಮುಲಾ 3ರ ಪೂರ್ವರೂಪವಾದ ಜಿಪಿ3 ರೇಸ್ ಒಂದನ್ನು ಗೆದ್ದಿದ್ದ.

ಈ ರೇಸ್‌ಗಳು ಮೆಟ್ಟಿಲುಗಳಂತೆ ಜೋಡಿಸಿದವು. ಮಕ್ಕಳು ಗೋ-ಕಾರ್ಟ್‌ನಲ್ಲಿ ಶುರು ಮಾಡುತ್ತಾರೆ. ಹದಿನೈದು ತುಂಬಿದ ಮೇಲೆ ಫಾರ್ಮುಲಾ 4, ನಂತರ ಫಾರ್ಮುಲಾ 3, ಕೊನೆಗೆ ಫಾರ್ಮುಲಾ 2. ಅದರಾಚೆಗಿನದು ಫಾರ್ಮುಲಾ 1. ಎಲ್ಲವೂ ಒಬ್ಬನೇ ಕೂರುವ, ಚಕ್ರಗಳು ಮೈಯಿಂದ ಹೊರಗೆ ಚಾಚಿರುವ ಕಾರುಗಳು. ಫಾರ್ಮುಲಾ 3ರ ಎಂಜಿನ್ನಿಗೆ ಸುಮಾರು 380 ಅಶ್ವಶಕ್ತಿ, ಫಾರ್ಮುಲಾ 2ಕ್ಕೆ 620. ಫಾರ್ಮುಲಾ 2 ಕಾರು ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೆ ಮೂರು ಸೆಕೆಂಡಿನೊಳಗೆ ಏರುತ್ತದೆ, ಇಟಲಿಯ ಮೊಂಜಾ ಸರ್ಕ್ಯೂಟಿನಂಥ ನೇರ ದಾರಿಗಳಲ್ಲಿ 330 ದಾಟುತ್ತದೆ. ಆ ವೇಗದಲ್ಲಿ ದಾವಣಗೆರೆಯಿಂದ ಹರಿಹರಕ್ಕೆ ಮೂರು ನಿಮಿಷವೂ ಬೇಡ.

ಫಾರ್ಮುಲಾ 1ರಲ್ಲಿ ಪ್ರತಿ ತಂಡ ತನ್ನ ಕಾರನ್ನು ತಾನೇ ಕಟ್ಟಿಕೊಳ್ಳುತ್ತದೆ. ಫಾರ್ಮುಲಾ 2 ಮತ್ತು 3ರಲ್ಲಿ ಹಾಗಿಲ್ಲ. ಚಾಸಿಯೆಲ್ಲ ಇಟಲಿಯ ಡಲ್ಲಾರಾ ಕಂಪನಿಯದು, ಎಂಜಿನ್ ಫ್ರಾನ್ಸಿನ ಮೆಕಾಕ್ರೋಮ್‌ನದು, ಟೈರು ಪಿರೆಲ್ಲಿಯದು. ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಪ್ರಯೋಗಾಲಯದಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಸ್ಥಿರವಾಗಿ ಇಡುವಂತೆ ಇಲ್ಲಿ ಕಾರನ್ನು ಸ್ಥಿರವಾಗಿಟ್ಟು ಚಾಲಕನನ್ನು ಅಳೆಯುತ್ತಾರೆ. ಕಾಗದದ ಮೇಲಿನ ಮಾತು ಇದು. ತಂಡಗಳು ಮುಟ್ಟಬಹುದಾದ ಸಂಗತಿಗಳು ಇನ್ನೂ ಉಳಿದಿವೆ: ರೆಕ್ಕೆಯ ಕೋನ, ಸ್ಪ್ರಿಂಗಿನ ಬಿಗಿ, ಚಕ್ರದ ವಾಲು, ಟೈರಿನ ಗಾಳಿ, ನೆಲದಿಂದ ಕಾರಿನ ತಳಕ್ಕಿರುವ ಎತ್ತರ. ಇವೆಲ್ಲ ಮಿಲಿಮೀಟರುಗಳ ಆಟ.

ಮಿಲಿಮೀಟರ್ ಎಂದಾಗ ಹರಿಹರದವರು ತುಸು ನಗಬಹುದು, ಅವರದು ಅದಕ್ಕಿಂತ ಸಣ್ಣ ಅಳತೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದರೂ ಅಲ್ಲಿ ತಯಾರಾದ ಲೇತ್‌ಗಳು ನಾಡಿನ ವರ್ಕ್‌ಶಾಪ್‌ಗಳಲ್ಲಿ ಇನ್ನೂ ತಿರುಗುತ್ತಿವೆ. ಲೇತ್ ಮೇಲೆ ಆಗಷ್ಟೇ ಕಡೆದ ಜಾಬ್ ಆರುವ ಮುಂಚೆ ಮೈಕ್ರೋಮೀಟರ್ ಹಿಡಿದರೆ ಯಾವ ಟರ್ನರೂ ಗದರದೆ ಬಿಡುವುದಿಲ್ಲ. 100 ಮಿ.ಮೀ. ಅಗಲದ ಉಕ್ಕಿನ ತುಂಡು 40 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 0.05 ಮಿ.ಮೀ. ಹಿಗ್ಗಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಟೈರಿನೊಳಗಿನ ಗಾಳಿಗೂ ಇದೇ ಪಾಡು, ಅಲ್ಲಿ ಅಂಕಿ ದೊಡ್ಡದು ಅಷ್ಟೇ. ಮುಚ್ಚಿದ ಟೈರಿನೊಳಗೆ ಉಷ್ಣತೆ 20 ಡಿಗ್ರಿಯಿಂದ 100ಕ್ಕೆ ಏರಿದರೆ ಒತ್ತಡ ಕಾಲುಭಾಗಕ್ಕಿಂತ ಹೆಚ್ಚೇ ಏರುತ್ತದೆ. ಟೈರು ಉಬ್ಬುತ್ತದೆ, ನೆಲಕ್ಕೆ ಒತ್ತಿಕೊಳ್ಳುವ ಅದರ ಅಂಗೈ ಕಿರಿದಾಗುತ್ತದೆ, ಕಾರಿನ ಎತ್ತರವೂ ಬದಲಾಗುತ್ತದೆ. ಆದ್ದರಿಂದ ಎಂಜಿನಿಯರುಗಳು ತಣ್ಣಗಿರುವಾಗ ತಪ್ಪಾಗಿದ್ದು ಬಿಸಿಯಾದಾಗ ಸರಿಹೋಗುವಷ್ಟು ಗಾಳಿ ತುಂಬಿಸುತ್ತಾರೆ.

ಇನ್ನು ರಬ್ಬರಿನ ಒಳಗೆ ಇಳಿಯೋಣ, ಕಥೆಯ ತಿರುಳು ಇರುವುದು ಅಲ್ಲಿ.

ರಬ್ಬರೆಂದರೆ ಉದ್ದುದ್ದ ಅಣುಸರಪಣಿಗಳ ಗೋಜಲು. ಗಂಧಕ ಹಾಕಿ ಬೇಯಿಸಿದಾಗ ಸರಪಣಿಗಳ ನಡುವೆ ಅಲ್ಲಲ್ಲಿ ಕೊಂಡಿ ಬೀಳುತ್ತದೆ, ಮಸಿಯ ಪುಡಿ ಸೇರಿಸಿದರೆ ಗಟ್ಟಿತನ ಬರುತ್ತದೆ. ಡಾಂಬರಿನ ಮೇಲ್ಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಜಲ್ಲಿಕಲ್ಲುಗಳ ಬೆಟ್ಟಸಾಲು ಕಾಣುತ್ತದೆ. ಟೈರು ಅದರ ಮೇಲೆ ಸ್ವಲ್ಪವೇ ಜಾರುತ್ತ ಸಾಗುವಾಗ ರಬ್ಬರು ಪ್ರತಿ ಕಲ್ಲಿನ ಸುತ್ತ ತಗ್ಗಿ, ಕಲ್ಲು ದಾಟಿದ ಮೇಲೆ ಮೊದಲಿನ ಆಕಾರಕ್ಕೆ ಮರಳಬೇಕು. ಕೂಡಲೇ ಮರಳಿಬಿಟ್ಟರೆ ಕಲ್ಲಿನ ಮುಂಬದಿಗೂ ಹಿಂಬದಿಗೂ ಒತ್ತುವ ಬಲ ಸಮವಾಗಿ ಈ ಬಗೆಯ ಹಿಡಿತ ಸಿಗುವುದಿಲ್ಲ. ಸೋಮಾರಿಯಾಗಿ, ತಡವಾಗಿ ಮರಳಿದರೆ ಕಲ್ಲಿನ ಒಂದು ಬದಿಯಲ್ಲಿ ಒತ್ತಡ ಹೆಚ್ಚು ಉಳಿದು, ಜಾರುವಿಕೆಯನ್ನು ತಡೆಯುವ ಬಲ ಹುಟ್ಟುತ್ತದೆ. ಇದರ ಜೊತೆಗೆ ರಬ್ಬರಿನ ಅಣುಗಳು ಕಲ್ಲಿನ ಮೈಗೆ ಕ್ಷಣಕ್ಕೊಮ್ಮೆ ಅಂಟಿ, ಎಳೆದು, ಬಿಟ್ಟು, ಮತ್ತೆ ಅಂಟುತ್ತವೆ. ರೇಸಿನ ಹಿಡಿತವೆಲ್ಲ ಈ ಎರಡು ಕೆಲಸಗಳ ಫಲ. ಎರಡರಲ್ಲೂ ಶಕ್ತಿ ನಷ್ಟವಾಗುತ್ತದೆ, ನಷ್ಟವಾದದ್ದು ಬಿಸಿಯಾಗುತ್ತದೆ.

ಅಂದರೆ ಲಾರಿ ಚಾಲಕ ಹೆದರುವ ಆ ಶಕ್ತಿಯ ಸೋರಿಕೆಯನ್ನೇ ರೇಸ್ ಟೈರು ತಯಾರಿಸುವವರು ಬೇಕೆಂದು ತುಂಬುತ್ತಾರೆ. ಲಾರಿ ಟೈರಿನ ರಬ್ಬರು ಶಕ್ತಿಯನ್ನು ಆದಷ್ಟು ಕಡಿಮೆ ನುಂಗುವಂಥದ್ದು, ಅದು ಸಾವಿರಾರು ಕಿಲೋಮೀಟರ್ ಬಾಳಬೇಕು, ಸವೆದರೆ ರೀಸೋಲ್ ಮಾಡಿಸಿ ಮತ್ತೆ ಓಡಿಸಬೇಕು. ರೇಸ್ ಟೈರು ಒಂದು ರೇಸ್ ಮುಗಿಸಿದರೆ ದೊಡ್ಡದು. ಅದು ಶಕ್ತಿ ನುಂಗಲೆಂದೇ ಹುಟ್ಟಿದ್ದು, ಆದರೆ ನುಂಗಬೇಕಾದರೆ ನಿರ್ದಿಷ್ಟ ಬಿಸಿ ಬೇಕು. ತಣ್ಣಗಿದ್ದರೆ ಸರಪಣಿಗಳು ಅಲುಗಾಡಲಾರದೆ ಗಾಜಿನಂತೆ ಬಿರುಸಾಗಿ ಕಲ್ಲಿನ ಮೇಲೆ ಜಾರುತ್ತವೆ. ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿ ಒಳ್ಳೆಯ ಹಿಡಿತ. ಇನ್ನೂ ಕಾದರೆ ಮೇಲ್ಪದರ ಕಿತ್ತು ಬರುತ್ತದೆ, ಒಳಗೆ ಗುಳ್ಳೆ ಏಳುತ್ತವೆ. ಒಮ್ಮೆ ಹಾಗೆ ಬೆಂದ ರಬ್ಬರು ಆರಿದ ಮೇಲೂ ಮೊದಲಿನಂತೆ ಆಗುವುದಿಲ್ಲ.

ಫಾರ್ಮುಲಾ 1ರಲ್ಲಿ ಟೈರಿಗೆ ವಿದ್ಯುತ್ ಕಂಬಳಿ ಹೊದಿಸಿ ಮೊದಲೇ ಕಾಯಿಸಿಡುತ್ತಾರೆ. ಫಾರ್ಮುಲಾ 2 ಮತ್ತು 3ರಲ್ಲಿ ಆ ಕಂಬಳಿಗೆ ಅವಕಾಶವಿಲ್ಲ. ನನ್ನ ಮಟ್ಟಿಗೆ ಕಿರಿಯರ ರೇಸನ್ನು ಹಿರಿಯರದಕ್ಕಿಂತ ಕುತೂಹಲದ್ದಾಗಿ ಮಾಡಿರುವುದು ಈ ಒಂದು ನಿಯಮ. ಟೈರು ಬದಲಿಸುವ ಪಿಟ್‌ನಿಂದ ಹೊರಬಿದ್ದವನು ಮೊದಲ ಸುತ್ತನ್ನು ಮಂಜುಗಡ್ಡೆಯ ಮೇಲೆಂಬಂತೆ ದಾಟಬೇಕು. ಎಡಬಲಕ್ಕೆ ಹಾವಿನಂತೆ ತಿರುಗಿಸುತ್ತ, ಬ್ರೇಕನ್ನು ಒತ್ತಿ ಬಿಡುತ್ತ ರಬ್ಬರಿಗೆ ಕೆಲಸ ಕೊಡಬೇಕು. ಬರೀ ಮೇಲ್ಮೈ ಕಾದು ಒಳಗೆ ತಣ್ಣಗಿದ್ದರೆ ಎರಡೇ ತಿರುವಿನಲ್ಲಿ ಮೋಸ ಬಯಲಾಗುತ್ತದೆ. ಮುಂದಿನ ಟೈರು ಹದಕ್ಕೆ ಬರುವಷ್ಟರಲ್ಲಿ ಹಿಂದಿನದು ಬೆಂದುಹೋಗಿದ್ದರೂ ಅಷ್ಟೇ. ಅಭ್ಯಾಸಕ್ಕೆ ಸಿಗುವುದು ವಾರಾಂತ್ಯಕ್ಕೆ ಒಂದೇ ಅವಧಿ, 45 ನಿಮಿಷ. ಆಮೇಲೆ ಅರ್ಧ ಗಂಟೆಯ ಅರ್ಹತಾ ಸುತ್ತು. ಹೊಸ ಟೈರು ತನ್ನ ಶ್ರೇಷ್ಠ ಹಿಡಿತ ಕೊಡುವುದು ಒಂದೆರಡು ಸುತ್ತು ಮಾತ್ರ. ಆ ಸುತ್ತಿನಲ್ಲೇ ಮುಂದಿನವನು ತಪ್ಪಿ ನಿಧಾನಿಸಿ ಎನ್ನುವ ಹಳದಿ ಬಾವುಟ ಹಾರಿತೆಂದರೆ ವಾರಾಂತ್ಯದ ಎರಡೂ ರೇಸುಗಳಲ್ಲಿ ನಿಲ್ಲುವ ಜಾಗ ಹೋದಂತೆಯೇ.

ಬಿಸಿಯ ಲೆಕ್ಕದಲ್ಲಿ ಗಾಳಿಗೂ ಪಾಲಿದೆ. ಹೆದ್ದಾರಿಯಲ್ಲಿ ಬಸ್ಸಿನ ಹಿಂದೆ ಬೈಕಿನಲ್ಲಿ ಹೋದವರಿಗೆ ಇದು ಮೈಗೇ ಗೊತ್ತು: ಹತ್ತಿರವಾದಾಗ ಎದೆಗೆ ಬಡಿಯುವ ಗಾಳಿ ತಟ್ಟನೆ ನಿಂತು ಬೈಕು ತಾನೇ ಮುಂದಕ್ಕೆ ಎಳೆಯುತ್ತದೆ. (ಮಾಡಿ ನೋಡಬೇಡಿ, ಬಸ್ಸು ಬ್ರೇಕ್ ಹಾಕಿದರೆ ಭೌತಶಾಸ್ತ್ರ ಕಾಪಾಡುವುದಿಲ್ಲ.) ರೇಸಿನಲ್ಲೂ ನೇರ ದಾರಿಯಲ್ಲಿ ಮುಂದಿನ ಕಾರಿನ ಬೆನ್ನಿಗೆ ಬಿದ್ದವನಿಗೆ ಇದೇ ಲಾಭ. ತಿರುವು ಬಂದಾಗ ಲೆಕ್ಕ ತಲೆಕೆಳಗು. ರೇಸ್ ಕಾರಿನ ರೆಕ್ಕೆಗಳೂ ತಳದ ಸುರಂಗಗಳೂ ಗಾಳಿಯನ್ನು ಬಳಸಿಕೊಂಡು ಕಾರನ್ನು ನೆಲಕ್ಕೆ ಒತ್ತುತ್ತವೆ. ಈ ಒತ್ತು ವೇಗದ ವರ್ಗದ ಪ್ರಮಾಣದಲ್ಲಿ ಏರುತ್ತದೆ, 120ರಲ್ಲಿ ಇದ್ದದ್ದು 240ರಲ್ಲಿ ನಾಲ್ಕು ಪಟ್ಟು. ಮುಂದಿನ ಕಾರು ಕಲಕಿ ಬಿಟ್ಟ ಗಾಳಿ ಸಿಕ್ಕಿದರೆ ರೆಕ್ಕೆಗೆ ಹಿಡಿಯಲು ಹೆಚ್ಚೇನೂ ಉಳಿಯುವುದಿಲ್ಲ. ಒತ್ತು ಕಡಿಮೆಯಾದಾಗ ಟೈರು ಜಾರುತ್ತದೆ, ಜಾರಿದಷ್ಟೂ ಕಾಯುತ್ತದೆ, ಕಾದಷ್ಟೂ ಇನ್ನೂ ಜಾರುತ್ತದೆ. ಹಿಂದೆ ಅಂಟಿಕೊಂಡವನು ಐದಾರು ಸುತ್ತಿನಲ್ಲಿ ದಾಟದಿದ್ದರೆ ಅವನ ಟೈರೇ ಅವನನ್ನು ಹಿಂದಕ್ಕೆ ಸರಿಸುತ್ತದೆ.

ಕುಶ್ ಮೈನಿಯ ಮೊನಾಕೊ ಗೆಲುವನ್ನು ಈ ಬೆಳಕಿನಲ್ಲಿ ನೋಡಬೇಕು. ಫಾರ್ಮುಲಾ 2ರ ವಾರಾಂತ್ಯದಲ್ಲಿ ಎರಡು ರೇಸು. ಮುಖ್ಯ ರೇಸಿಗೆ ಅರ್ಹತಾ ಸುತ್ತಿನ ಕ್ರಮದಲ್ಲೇ ನಿಲ್ಲಿಸುತ್ತಾರೆ. ಶನಿವಾರದ ಕಿರು ರೇಸಾದ ಸ್ಪ್ರಿಂಟ್‌ಗೆ ಮೊದಲ ಹತ್ತು ಜನರನ್ನು ತಿರುಗುಮುರುಗಾಗಿ ನಿಲ್ಲಿಸುತ್ತಾರೆ, ಹತ್ತನೆಯವನು ಮೊದಲಿಗನಾಗುತ್ತಾನೆ. ಕುಶ್‌ಗೆ ಸಿಕ್ಕಿದ್ದು ಆ ಜಾಗ. ಇದನ್ನು ಅದೃಷ್ಟ ಎಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮುಂದಿರುವವನಿಗೆ ಶುದ್ಧ ಗಾಳಿ ಸಿಗುವುದು ನಿಜ, 3.337 ಕಿ.ಮೀ.ನ ಆ ಇಕ್ಕಟ್ಟಿನ ಸರ್ಕ್ಯೂಟ್‌ನಲ್ಲಿ ದಾಟುವುದು ಕಷ್ಟ ಎಂಬುದೂ ನಿಜ. ಆದರೆ ಅಲ್ಲಿನ ತಿರುವುಗಳು ನಿಧಾನದವು, ಟೈರಿಗೆ ಬಿಸಿ ಏರಿಸುವುದೇ ಕಷ್ಟ. ಅವಘಡವಾಗಿ ಎಲ್ಲರನ್ನೂ ನಿಧಾನಿಸುವ ಸೇಫ್ಟಿ ಕಾರು ಬಂದರೆ ಇದ್ದ ಬಿಸಿಯೂ ಆರುತ್ತದೆ. ಮುಂದಿರುವವನಿಗೆ ಹಿಂಬಾಲಿಸಲು ಯಾರೂ ಇಲ್ಲ, ಬ್ರೇಕ್ ಎಲ್ಲಿ ಹಿಡಿಯಬೇಕೆಂದು ತಾನೇ ನಿರ್ಧರಿಸಬೇಕು. ಗೋಡೆ ಕೈಯಳತೆಯಲ್ಲಿರುತ್ತದೆ.

ದೇಹದ ಮಾತು ಬಿಟ್ಟರೆ ತಪ್ಪಾದೀತು. ಫಾರ್ಮುಲಾ 2 ಕಾರಿಗೆ ಪವರ್ ಸ್ಟೀರಿಂಗ್ ಇಲ್ಲ. ರೆಕ್ಕೆ ಕಾರನ್ನು ನೆಲಕ್ಕೆ ಒತ್ತಿದಷ್ಟೂ ಸ್ಟೀರಿಂಗ್ ಭಾರವಾಗುತ್ತದೆ, ಅದನ್ನು ತೋಳಿನ ಬಲದಲ್ಲೇ ತಿರುಗಿಸಬೇಕು. ವೇಗದ ತಿರುವಿನಲ್ಲಿ ಗುರುತ್ವದ ಸುಮಾರು ನಾಲ್ಕು ಪಟ್ಟು ಬಲ ಪಕ್ಕಕ್ಕೆ ಎಳೆಯುತ್ತದೆ. ತಲೆ, ಹೆಲ್ಮೆಟ್ ಸೇರಿ ಆರೂವರೆ ಕಿಲೋ ಎಂದುಕೊಂಡರೆ ಕತ್ತು 26 ಕಿಲೋ ತೂಕವನ್ನು ಅಡ್ಡಲಾಗಿ ತಡೆದು ನಿಲ್ಲಿಸಬೇಕು, ಅದೂ ಸುತ್ತಿಗೆ ಹಲವು ಸಲ. ನಮ್ಮ ಗರಡಿಮನೆಗಳ ಪೈಲ್ವಾನರು ತಲೆಯೂರಿ ಮೈ ಬಿಲ್ಲಾಗಿಸಿ ಕತ್ತು ಬೆಳೆಸುತ್ತಾರೆ, ಇವರು ರಬ್ಬರ್ ಪಟ್ಟಿ ಎಳೆದು ಅದೇ ಸ್ನಾಯುಗಳನ್ನು ಬೆಳೆಸುತ್ತಾರೆ. ಕತ್ತು ಸೋತರೆ ಕಣ್ಣು ನಿಲ್ಲುವುದಿಲ್ಲ. 300 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 83 ಮೀಟರ್ ಸರಿದುಹೋಗುತ್ತದೆ.

ಕಾರು ಒಂದೇ ಆದರೂ ಫಲ ಒಂದೇ ಅಲ್ಲ ಎಂಬುದಕ್ಕೆ 2024ರ ಸೀಸನ್ ನೋಡಿ. ಕುಶ್ ಇನ್ವಿಕ್ಟಾ ತಂಡದಲ್ಲಿದ್ದ, ಪಕ್ಕದ ಕಾರಿನಲ್ಲಿ ಬ್ರೆಜಿಲಿನ ಗೇಬ್ರಿಯಲ್ ಬೋರ್ಟೊಲೆಟೊ. ಸೀಸನ್ ಶುರುವಾದ ಬಹ್ರೇನ್‌ನಲ್ಲೇ ಅರ್ಹತಾ ಅವಧಿಯಲ್ಲಿ ಕುಶ್ ಎಲ್ಲರಿಗಿಂತ ವೇಗದ ಸುತ್ತು ಹೊಡೆದ, ಆಮೇಲೆ ತಪಾಸಣೆಯಲ್ಲಿ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲವೆಂದು ಆ ಸುತ್ತು ರದ್ದಾಯಿತು. ಹಂಗೇರಿಯಲ್ಲಿ ಉಲ್ಟಾ ನಡೆಯಿತು: ಸ್ಪ್ರಿಂಟ್‌ನಲ್ಲಿ ಮೊದಲು ಬಂದ ರಿಚರ್ಡ್ ವೆರ್‌ಸ್ಕೂರ್ ಅನರ್ಹನಾಗಿ ಗೆಲುವು ಕುಶ್ ಪಾಲಿಗೆ ಬಂತು. ವರ್ಷದ ಕೊನೆಗೆ ಬೋರ್ಟೊಲೆಟೊ ಚಾಂಪಿಯನ್, ಕುಶ್ 13ನೆಯವನು. ಮೊಂಜಾದಲ್ಲಿ ಬೋರ್ಟೊಲೆಟೊ ಕಟ್ಟಕಡೆಯ ಸ್ಥಾನದಿಂದ ಹೊರಟು ಮುಖ್ಯ ರೇಸನ್ನೇ ಗೆದ್ದಿದ್ದ. ಒಂದೇ ಸುತ್ತಿನ ವೇಗ ಬೇರೆ, ಮೂವತ್ತು ಸುತ್ತು ಟೈರನ್ನು ಹದದಲ್ಲಿ ಇಟ್ಟುಕೊಳ್ಳುವ ಕೈ ಬೇರೆ. ಮೊದಲನೆಯದು ಟಿವಿಯಲ್ಲಿ ಕಾಣುತ್ತದೆ, ಎರಡನೆಯದು ಅಂಕಪಟ್ಟಿಯಲ್ಲಿ.

ಅಂಕ ಹಂಚುವ ರೀತಿಯೂ ಎರಡನೆಯದರ ಕಡೆಗೇ ವಾಲಿದೆ. ಮುಖ್ಯ ರೇಸ್ ಗೆದ್ದರೆ 25 ಅಂಕ, ಸ್ಪ್ರಿಂಟ್ ಗೆದ್ದರೆ 10. ಮುಖ್ಯ ರೇಸಿನಲ್ಲಿ ನಡುವೆ ಒಮ್ಮೆಯಾದರೂ ನಿಂತು ಬೇರೆ ಬಗೆಯ ಟೈರು ಹಾಕಿಸಿಕೊಳ್ಳಲೇಬೇಕು. ಅಂದರೆ ತಣ್ಣನೆಯ ಟೈರಿನ ಪರೀಕ್ಷೆ ಎರಡು ಸಲ. ಫಾರ್ಮುಲಾ 1ಕ್ಕೆ ಬೇಕಾದ ಸೂಪರ್ ಲೈಸೆನ್ಸ್ ಸಿಗಲು ಮೂರು ಸೀಸನ್ನುಗಳಲ್ಲಿ 40 ಅಂಕ ಕೂಡಬೇಕು. ಫಾರ್ಮುಲಾ 2ರ ವರ್ಷಾಂತ್ಯದಲ್ಲಿ ಮೊದಲ ಮೂರರಲ್ಲಿ ಬಂದವರಿಗೆ ಆ 40 ಒಂದೇ ಏಟಿಗೆ ಸಿಗುತ್ತದೆ, ಹತ್ತರ ಆಚೆಗಿನವರಿಗೆ ಸೊನ್ನೆ. ಮೊನಾಕೊದಂಥ ಒಂದು ಶನಿವಾರಕ್ಕೆ ಆ ಪಟ್ಟಿಯಲ್ಲಿ ಬೇರೆ ಜಾಗವಿಲ್ಲ. ಅಂಕಗಳ ಈ ನಿಷ್ಠುರತೆ ಮೈನಿ ಮನೆಗೆ ಹೊಸದಲ್ಲ: ಅಣ್ಣ ಅರ್ಜುನ್ 2014ರಲ್ಲಿ ಬ್ರಿಟನ್ನಿನ ಬಿಆರ್‌ಡಿಸಿ ಫಾರ್ಮುಲಾ 4 ಪಟ್ಟವನ್ನು ಕೊನೆಯ ರೇಸಿನಲ್ಲಿ ಬೆರಳೆಣಿಕೆಯ ಅಂಕಗಳಿಂದ ಕಳೆದುಕೊಂಡಿದ್ದ. ಅಂದು ಗೆದ್ದ ಹುಡುಗನ ಹೆಸರು ಜಾರ್ಜ್ ರಸೆಲ್, ಈಗ ಅವನು ಮರ್ಸಿಡಿಸ್ ತಂಡದ ಫಾರ್ಮುಲಾ 1 ಚಾಲಕ. ಫಾರ್ಮುಲಾ 1 ರೇಸಿನಲ್ಲಿ ಭಾರತೀಯನೊಬ್ಬ ಕೊನೆಯದಾಗಿ ಓಡಿದ್ದು 2012ರಲ್ಲಿ, ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್.