ರಿಪೋರ್ಟ್ ನಾರ್ಮಲ್, ಮೂಳೆ ಟೊಳ್ಳು

ಚಾರ್ಲ್ಸ್ ಮಾರ್ಟೆಲ್ ಅಮೆರಿಕದ ಸರಕು ಹಡಗಿನ ಕ್ಯಾಪ್ಟನ್. ಆರಡಿ ಮೀರಿದ ಆಳು ನೋಡನೋಡುತ್ತ ಏಳು ಇಂಚು ಕುಗ್ಗಿಹೋದ. ಮೇಲಿಂದ ಮೇಲೆ ಮೂಳೆ ಮುರಿಯುತ್ತಿತ್ತು, ಜೊತೆಗೆ ಮೂತ್ರಪಿಂಡದ ಕಲ್ಲು. ಇದು ಪ್ಯಾರಾಥೈರಾಯ್ಡ್ ಗ್ರಂಥಿಯ ಕಾಟ ಎಂದು 1926ರಲ್ಲಿ ವೈದ್ಯರಿಗೆ ಹೊಳೆಯಿತು. ಕುತ್ತಿಗೆ ಕೊಯ್ದು ಗ್ರಂಥಿಯ ಗಡ್ಡೆಗಾಗಿ ಮತ್ತೆ ಮತ್ತೆ ಹುಡುಕಿದರು. ಕೊನೆಗೆ ಗಡ್ಡೆ ಸಿಕ್ಕಿದ್ದು 1932ರಲ್ಲಿ, ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ನಡೆದ ಏಳನೆಯ ಶಸ್ತ್ರಚಿಕಿತ್ಸೆಯಲ್ಲಿ, ಅದೂ ಎದೆಗೂಡಿನೊಳಗೆ. ಅಷ್ಟರಲ್ಲಿ ಕಾಲ ಮಿಂಚಿತ್ತು. ಕೆಲವೇ ವಾರಗಳಲ್ಲಿ ಆತ ತೀರಿಕೊಂಡ.

ಥೈರಾಯ್ಡ್ ಗ್ರಂಥಿಯ ಬೆನ್ನಿಗೆ ಅಂಟಿಕೊಂಡಿರುವ ಈ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳು ಒಂದೊಂದೂ ಅಕ್ಕಿಕಾಳಿನಷ್ಟು. ರಕ್ತದ ಕ್ಯಾಲ್ಸಿಯಂ ಕಾಯುವುದೇ ಅವುಗಳ ಕೆಲಸ. ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕಾದ್ದು ತೀರಾ ಇಳಿದರೆ ಕೈಕಾಲು ಸೆಟೆದುಕೊಳ್ಳುತ್ತವೆ, ಹೃದಯದ ಲಯ ತಪ್ಪುತ್ತದೆ. ಹಾಗಾಗದಂತೆ ಗ್ರಂಥಿಗಳು ಹಾರ್ಮೋನು ಸುರಿಸಿ ಕಣಜದ ಬಾಗಿಲು ತೆರೆಯುತ್ತವೆ. ಮೂಳೆಯೇ ಆ ಕಣಜ. ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಇರುವುದು ಮೂಳೆ, ಹಲ್ಲುಗಳಲ್ಲೇ.

ಮಾರ್ಟೆಲ್‌ನದು ಗಡ್ಡೆಯೇ ಹಾರ್ಮೋನು ಸುರಿಸುತ್ತಿದ್ದ ಕಾಯಿಲೆ. ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಬೇರೆಯದು: ಗ್ರಂಥಿ ಚೆನ್ನಾಗಿಯೇ ಇರುತ್ತದೆ, ವಿಟಮಿನ್ ಡಿ ಇರುವುದಿಲ್ಲ. ಅದು ಸಾಕಷ್ಟಿದ್ದರೆ ಉಂಡ ಕ್ಯಾಲ್ಸಿಯಂನಲ್ಲಿ ಶೇ. 30-40ರಷ್ಟನ್ನು ಕರುಳು ಹೀರಿಕೊಳ್ಳುತ್ತದೆ, ಇಲ್ಲದಿದ್ದರೆ ಶೇ. 10-15. ದಿನಾ ರಾಗಿಮುದ್ದೆ ಉಂಡರೂ, ಹಾಲು ಕುಡಿದರೂ ಪೂರ್ತಿ ದಕ್ಕುವುದಿಲ್ಲ. ಆ ಕೊರತೆ ತುಂಬಲು ಹಾರ್ಮೋನು ಏರುತ್ತದೆ, ಮೂಳೆ ಸವೆಯುತ್ತದೆ. ರಕ್ತ ಪರೀಕ್ಷೆಯಲ್ಲಿ ಮಾತ್ರ ಕ್ಯಾಲ್ಸಿಯಂ ಸರಿಯಾಗಿಯೇ ಕಾಣುತ್ತದೆ! ಎಷ್ಟೋ ಹೆಂಗಸರು ಸೊಂಟನೋವನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗುತ್ತಾರೆ. ನೆಲದಿಂದ ಏಳಲು ಕೈಯೂರಬೇಕು, ಮೆಟ್ಟಿಲು ಹತ್ತಲು ಕಂಬಿ ಹಿಡಿಯಬೇಕು, ಅಂಗಾಲೂರಿದರೆ ನೋವು. ಇವು ಮೂಳೆ ಮೆದುವಾಗಿರುವುದರ ಲಕ್ಷಣಗಳೂ ಆಗಿರಬಹುದು.

ಇಷ್ಟು ಬಿಸಿಲಿರುವ ನಾಡಿನಲ್ಲಿ ಈ ಕೊರತೆ ಏಕೆ? ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ನೇರಳಾತೀತ ಕಿರಣ ಕಿಟಕಿಯ ಗಾಜನ್ನು ದಾಟದು. ಎಳೆಬಿಸಿಲಲ್ಲೂ ಅದು ತೀರಾ ಕಡಿಮೆ. ಹತ್ತು ಗಂಟೆಯ ನಂತರದ ಬಿಸಿಲು ಕೈಕಾಲಿಗೆ ತಾಗಬೇಕು. ಕಚೇರಿಯೊಳಗೇ ಹಗಲು ಕಳೆಯುವವರಿಗೆ, ಮೈಮುಚ್ಚಿ ಓಡಾಡುವವರಿಗೆ ಅದು ಸಿಗುವುದೆಲ್ಲಿ?

ಹಾಗೆಂದು ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ಯಾರನ್ನೂ ಕೇಳದೆ ತಿಂಗಳಾನುಗಟ್ಟಲೆ ನುಂಗುವುದು ಅಪಾಯ. ರಕ್ತದಲ್ಲಿ ಕ್ಯಾಲ್ಸಿಯಂ ಉಕ್ಕಿ ಮೂತ್ರಪಿಂಡವೇ ಕೆಡಬಹುದು. ಮೂಳೆನೋವು ಬಿಡದಿದ್ದರೆ, ಸಣ್ಣ ಪೆಟ್ಟಿಗೇ ಮೂಳೆ ಮುರಿದರೆ, ಕಲ್ಲು ಮರುಕಳಿಸಿದರೆ ಕ್ಯಾಲ್ಸಿಯಂ, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನು ಮೂರನ್ನೂ ಒಟ್ಟಿಗೆ ಪರೀಕ್ಷಿಸಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ.