ವಾಟಿನ ಲೆಕ್ಕದಲ್ಲಿ ಗಣಕದ ವೇಗ

ಪ್ರೊಸೆಸರ್ ಎಷ್ಟು ವೇಗವಾಗಿ ಓಡುತ್ತದೆ ಎಂಬುದು ಜಾಹೀರಾತಿನ ಪ್ರಶ್ನೆ. ಅದಕ್ಕೆ ಊಡಿಸಿದ ವಿದ್ಯುತ್ತಿನಲ್ಲಿ ಅದು ಎಷ್ಟು ಕೆಲಸ ಮುಗಿಸಿಕೊಡುತ್ತದೆ ಎಂಬುದು ಮನೆಯ ಪ್ರಶ್ನೆ. ಮುಂಬಯಿ ಹೊರವಲಯದ ಠಾಕುರ್ಲಿ ಅಥವಾ ಕಲ್ಯಾಣಿನ ಪುಟ್ಟ ಫ್ಲ್ಯಾಟಿನಲ್ಲಿ, ಅಡುಗೆಮನೆಗೆ ಅಂಟಿಕೊಂಡ ಕೋಣೆಯೊಂದರಲ್ಲಿ ಗಣಕವನ್ನು ಇಟ್ಟುಕೊಂಡು, ಐರೋಲಿ ಅಥವಾ ಮಹಾಪೆಯ ಕಚೇರಿಯ ಕೆಲಸವನ್ನು ವಾರದಲ್ಲಿ ಕೆಲವು ದಿನ ಮನೆಯಿಂದಲೇ ನಡೆಸುವ ಕುಟುಂಬಗಳಿಗೆ ಈ ಎರಡನೆಯ ಪ್ರಶ್ನೆಯೇ ಮುಖ್ಯವಾದುದು. ಏಕೆಂದರೆ ಪ್ರೊಸೆಸರ್ ಹೀರಿಕೊಂಡ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿ ಅದೇ ಕೋಣೆಯ ಗಾಳಿಯನ್ನು ಸೇರುತ್ತದೆ, ಮತ್ತು ಖಾರಿಯ ತೇವದಿಂದ ಮೊದಲೇ ಬೆವರುವ ಊರುಗಳಲ್ಲಿ ಆ ಶಾಖವನ್ನು ಹೊರಗೆ ಅಟ್ಟಲು ಮತ್ತಷ್ಟು ವಿದ್ಯುತ್ತು ಬೇಕಾಗುತ್ತದೆ.

ಗಣಕದಲ್ಲಿ ಎರಡು ಬಗೆಯ ಲೆಕ್ಕ ನಡೆಯುತ್ತದೆ. ಒಂದು, ಆದೇಶಗಳನ್ನು ಒಂದರ ನಂತರ ಒಂದರಂತೆ ಬಿಡಿಸುವ ಸಾಮಾನ್ಯ ಲೆಕ್ಕ. ಇನ್ನೊಂದು, ಪರದೆಯ ಲಕ್ಷಾಂತರ ಬಿಂದುಗಳಿಗೆ ಬಣ್ಣ ತುಂಬುವಂಥ, ಒಂದೇ ಬಗೆಯ ಸಾವಿರಾರು ಚಿಕ್ಕ ಲೆಕ್ಕಗಳನ್ನು ಏಕಕಾಲಕ್ಕೆ ಮಾಡುವ ಗ್ರಾಫಿಕ್ಸ್ ಕೆಲಸ. ಈ ಎರಡನೆಯದಕ್ಕಾಗಿ ಬೇರೆಯೇ ಕಾರ್ಡನ್ನು ಜೋಡಿಸುವುದು ಹಳೆಯ ಪದ್ಧತಿ. ಹಾಗಿಲ್ಲದ ಅಗ್ಗದ ಯಂತ್ರಗಳಲ್ಲಿ ಮದರ್‌ಬೋರ್ಡಿನ ಚಿಪ್‌ಸೆಟ್ಟಿನೊಳಗೆ ದುರ್ಬಲವಾದ ಗ್ರಾಫಿಕ್ಸ್ ಭಾಗವೊಂದು ಇರುತ್ತಿತ್ತು. 2006ರಲ್ಲಿ ಎಎಂಡಿ ಕಂಪನಿಯು ಗ್ರಾಫಿಕ್ಸ್ ತಯಾರಕ ಎಟಿಐಯನ್ನು ಕೊಂಡದ್ದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡನ್ನೂ ಒಂದೇ ಸಿಲಿಕಾನ್ ತುಣುಕಿನಲ್ಲಿ ಕೂಡಿಸುವ ಉದ್ದೇಶದಿಂದ. 2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಜ್ ಮತ್ತು ಎಎಂಡಿಯ ಲಾನೋ ಪ್ರೊಸೆಸರುಗಳಲ್ಲಿ ಆ ಕೂಡಿಕೆ ಜನಸಾಮಾನ್ಯರ ಗಣಕಕ್ಕೆ ಬಂದಿತು. 2020ರ ನವೆಂಬರಿನಲ್ಲಿ ಬಂದ ಆ್ಯಪಲ್‌ನ ಎಂ1 ಚಿಪ್, 1,600 ಕೋಟಿ ಟ್ರಾನ್ಸಿಸ್ಟರುಗಳನ್ನು ಒಳಗೊಂಡಿದ್ದರೂ, ಫ್ಯಾನೇ ಇಲ್ಲದ ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ನಡೆದು, ಈ ದಾರಿ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ತೋರಿಸಿತು.

ಈ ಕೂಡಿಕೆಯ ಉಳಿತಾಯಕ್ಕೆ ಮೂಲ, ಅಂಕಿಗಳು ಸಾಗಬೇಕಾದ ದೂರ ಕಡಿಮೆಯಾಗುವುದು. ಅಂಕಿಯೊಂದನ್ನು ಚಿಪ್ಪಿನೊಳಗೆ ಕೂಡುವುದಕ್ಕೆ ತಗಲುವ ಶಕ್ತಿಗಿಂತ, ಅದನ್ನು ತಂತಿಯ ಮೂಲಕ ಹೊರಗಿನ ಮತ್ತೊಂದು ಚಿಪ್ಪಿಗೆ ಒಯ್ಯುವುದಕ್ಕೆ ತಗಲುವ ಶಕ್ತಿ ಹೆಚ್ಚು. ಜೊತೆಗೆ, ಬೇರೆ ಕಾರ್ಡೆಂದರೆ ಅದಕ್ಕೆ ಬೇರೆಯೇ ಮೆಮರಿ, ಬೇರೆ ವೋಲ್ಟೇಜ್ ನಿಯಂತ್ರಕ, ಬೇರೆ ಫ್ಯಾನು. ಒಂದೇ ಚಿಪ್ಪಾದರೆ ಕೆಲಸವಿಲ್ಲದ ಭಾಗವನ್ನು ಆ ಕ್ಷಣದಲ್ಲೇ ಆರಿಸಿಬಿಡಬಹುದು, ನಡೆಯುವ ಭಾಗದ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಇಳಿಸಬಹುದು. ವೇಗವನ್ನು ಇಳಿಸುವುದರ ಲಾಭ ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡದು: ಟ್ರಾನ್ಸಿಸ್ಟರುಗಳು ತೆರೆದು ಮುಚ್ಚುವಾಗ ವ್ಯಯವಾಗುವ ವಿದ್ಯುತ್ತು ವೇಗದ ಜೊತೆ ಏರುವುದಲ್ಲದೆ ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿಯೂ ಏರುವುದರಿಂದ, ಎರಡನ್ನೂ ಶೇ. 20ರಷ್ಟು ತಗ್ಗಿಸಿದರೆ ಆ ವ್ಯಯವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಐದನೆಯ ಒಂದು ಭಾಗ ವೇಗ ಬಿಟ್ಟುಕೊಟ್ಟು ಅರ್ಧ ವಿದ್ಯುತ್ತು ಉಳಿಸುವ ಈ ಲೆಕ್ಕವೇ ಲ್ಯಾಪ್‌ಟಾಪುಗಳ 15 ವಾಟ್ ಪ್ರೊಸೆಸರುಗಳ ಗುಟ್ಟು. ವಿಡಿಯೊ ನೋಡುವಾಗ ಇನ್ನೂ ಮಿತವ್ಯಯ ಸಾಧ್ಯ. ಆ ಒಂದೇ ಕೆಲಸಕ್ಕೆಂದು ಕಡೆದಿಟ್ಟ ಸಣ್ಣ ವಿಭಾಗವು ಚಿತ್ರವನ್ನು ಬಿಡಿಸಿಕೊಡುತ್ತದೆ, ಉಳಿದ ಚಿಪ್ ಬಹುಮಟ್ಟಿಗೆ ನಿದ್ರಿಸುತ್ತದೆ.

ಇದು ಬಿಲ್ಲಿನ ದೊಡ್ಡ ಉಳಿತಾಯ ಎಂದು ಹೇಳಿದರೆ ಉತ್ಪ್ರೇಕ್ಷೆಯಾದೀತು. ಸುಮ್ಮನೆ ಕುಳಿತ ಗ್ರಾಫಿಕ್ಸ್ ಕಾರ್ಡ್ ಹೆಚ್ಚುವರಿಯಾಗಿ 15 ವಾಟ್ ತಿನ್ನುತ್ತದೆ ಎಂದುಕೊಂಡರೂ, ದಿನಕ್ಕೆ 8 ಗಂಟೆಯಂತೆ ವರ್ಷದ 300 ದಿನಕ್ಕೆ ಅದು 36 ಯೂನಿಟ್ ಮಾತ್ರ. ಒಂದು ಮನೆಗೆ ಇದು ಹೊರೆಯಲ್ಲ. ಆದರೆ ಡೊಂಬಿವಲಿಯ ಕರ್ನಾಟಕ ಸಂಘ ನಡೆಸುತ್ತಿರುವ ಮಂಜುನಾಥ ಕಾಲೇಜಿನಂಥ ಸಂಸ್ಥೆಯೊಂದು 30 ಗಣಕಗಳ ಪ್ರಯೋಗಾಲಯ ಕಟ್ಟುವುದಾದರೆ ಅದೇ ಅಂಕಿ 1,080 ಯೂನಿಟ್ ಆಗುತ್ತದೆ, ಹವಾನಿಯಂತ್ರಕದ ಖರ್ಚು ಇದಕ್ಕೆ ಹೊರತು.

ನಿಜವಾದ ಬೆಲೆ ತಿಳಿಯುವುದು ವಿದ್ಯುತ್ ಹೋದಾಗ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಕಲ್ವಾ ಮತ್ತು ಪಡಘಾ ನಡುವಿನ 400 ಕಿಲೊವೋಲ್ಟ್ ಮಾರ್ಗದಲ್ಲಿ ಉಂಟಾದ ದೋಷದಿಂದ ಮುಂಬಯಿ, ಥಾಣೆ, ನವಿ ಮುಂಬಯಿ ಒಟ್ಟಿಗೆ ಕತ್ತಲಾದವು, ಲೋಕಲ್ ರೈಲುಗಳು ನಿಂತವು; ಕೊರೋನಾ ಕಾಲವಾದುದರಿಂದ ಕಚೇರಿಗಳೂ ತರಗತಿಗಳೂ ಮನೆಯೊಳಗೇ ಇದ್ದವು. ಮನೆಗಳಲ್ಲಿ ಸಾಮಾನ್ಯವಾಗಿರುವ ಯುಪಿಎಸ್ ಪೆಟ್ಟಿಗೆಯೊಳಗಿನ 12 ವೋಲ್ಟಿನ, 7 ಆಂಪಿಯರ್-ಅವರಿನ ಬ್ಯಾಟರಿಯಲ್ಲಿ ಇರುವುದು ಕಾಗದದ ಮೇಲೆ 84 ವಾಟ್-ಅವರ್. ಪರಿವರ್ತನೆಯ ನಷ್ಟ ಕಳೆದರೆ, ಪರದೆಯೂ ಸೇರಿ 50 ವಾಟ್ ಎಳೆಯುವ ಗಣಕವನ್ನು ಅದು ಮುಕ್ಕಾಲು ಗಂಟೆಯ ಆಸುಪಾಸು ನಡೆಸಬಲ್ಲದು. 200 ವಾಟ್ ಎಳೆಯುವ ಗಣಕಕ್ಕೆ ಹತ್ತು ನಿಮಿಷ ದಾಟುವುದೂ ಕಷ್ಟ, ಏಕೆಂದರೆ ಸೀಸ-ಆಮ್ಲದ ಬ್ಯಾಟರಿಯನ್ನು ಜೋರಾಗಿ ಹಿಂಡಿದಷ್ಟೂ ಅದು ಕೊಡುವ ಒಟ್ಟು ಶಕ್ತಿಯೇ ಕುಗ್ಗುತ್ತದೆ.

ಹಾಗೆಂದು ಒಳಸೇರಿದ ಗ್ರಾಫಿಕ್ಸಿಗೆ ಕೊರತೆಗಳಿಲ್ಲವೆಂದಲ್ಲ. ಅದಕ್ಕೆ ಸ್ವಂತ ಮೆಮರಿ ಇರುವುದಿಲ್ಲ. ಗಣಕದ ಮುಖ್ಯ ಮೆಮರಿಯನ್ನೇ ಪ್ರೊಸೆಸರಿನ ಜೊತೆ ಹಂಚಿಕೊಳ್ಳಬೇಕು. ಡಿಡಿಆರ್4-3200 ಮೆಮರಿಯ ಒಂದು ಪಟ್ಟಿ ಸೆಕೆಂಡಿಗೆ ಸಾಗಿಸುವುದು 25.6 ಗಿಗಾಬೈಟ್, ಎರಡು ಪಟ್ಟಿ ಎರಡು ಹಾದಿಯಲ್ಲಿ ನಡೆದರೆ 51.2. ಜಿಟಿಎಕ್ಸ್ 1650ರಂಥ ಸಾಧಾರಣ ಕಾರ್ಡಿಗೆ, 75 ವಾಟಿನ ಬೆಲೆಯಲ್ಲಿ, ಸೆಕೆಂಡಿಗೆ 128 ಗಿಗಾಬೈಟಿನ ಹಾದಿ ತನ್ನದೇ ಆಗಿ ದೊರೆಯುತ್ತದೆ. ಆದ್ದರಿಂದ ಮೂರು ಆಯಾಮದ ಭಾರೀ ವಿನ್ಯಾಸ, ದೊಡ್ಡ ಆಟಗಳು, ಸಿನಿಮಾ ಸಂಕಲನ, ಯಂತ್ರಕಲಿಕೆ ಇವುಗಳಿಗೆ ಬೇರೆ ಕಾರ್ಡು ಬೇಕೇ ಬೇಕು. ಅಲ್ಲಿ ಮಿತವ್ಯಯದ ಹೆಸರಿನಲ್ಲಿ ಗಂಟೆಗಟ್ಟಲೆ ಕಾಯುವುದು ವಿದ್ಯುತ್ತನ್ನೂ ಉಳಿಸುವುದಿಲ್ಲ.

ಲೆಕ್ಕಪತ್ರ, ಬರವಣಿಗೆ, ಸಂಕೇತಲೇಖನ (ಕೋಡಿಂಗ್), ಆನ್‌ಲೈನ್ ತರಗತಿ, ವಿಡಿಯೊ ಸಭೆ ಇವಿಷ್ಟಕ್ಕೆ ಒಳಸೇರಿದ ಗ್ರಾಫಿಕ್ಸ್ ಸಾಕು ಮಾತ್ರವಲ್ಲ, ಅದೇ ಸರಿಯಾದ ಆಯ್ಕೆ. ಬೇಸರದ ಸಂಗತಿಯೆಂದರೆ ಇಂಥ ಪ್ರೊಸೆಸರನ್ನು ಕೊಟ್ಟು, ಕೆಲವು ನೂರು ರೂಪಾಯಿಯ ವ್ಯತ್ಯಾಸಕ್ಕಾಗಿ ಒಂದೇ ಮೆಮರಿ ಪಟ್ಟಿಯನ್ನು ತುರುಕಿ, ಅರ್ಧ ಹಾದಿಯನ್ನು ಮುಚ್ಚಿದ ಯಂತ್ರಗಳು ಎಷ್ಟೋ ಮನೆಗಳನ್ನು ಸೇರುತ್ತವೆ. ಆಮೇಲೆ ನಿಧಾನದ ದೂರು ಚಿಪ್ಪಿನ ತಲೆಗೆ ಬರುತ್ತದೆ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಗೆ 'ಎಫ್' ಅಕ್ಷರವಿದ್ದರೆ ಅದರಲ್ಲಿ ಗ್ರಾಫಿಕ್ಸ್ ಇಲ್ಲವೆಂದು ಅರ್ಥ, ಕಾರ್ಡಿಲ್ಲದೆ ಪರದೆಯೇ ಬೆಳಗದು. ಹೊಸ ಗಣಕ ಕೊಳ್ಳುವವರು ದರಪಟ್ಟಿಯಲ್ಲಿ ಆ ಅಕ್ಷರವನ್ನು ಮೊದಲು ನೋಡಿಕೊಳ್ಳಿ. 16 ಗಿಗಾಬೈಟ್ ಮೆಮರಿಯನ್ನು ಒಂದೇ ಪಟ್ಟಿಯಾಗಿ ಕೊಡಲು ಬಂದರೆ, ಎಂಟರ ಎರಡು ಪಟ್ಟಿಗಳನ್ನೇ ಕೇಳಿ ಹಾಕಿಸಿಕೊಳ್ಳಿ.